ಕಲ್ಲಿನಲ್ಲಿ ಸಿಕ್ಕ ಜೀರುಂಡೆಗೆ ಕುಲ, ಕುಟುಂಬ ಹುಡುಕುವುದು ಹೇಗೆ? ಹಂತ ಹಂತದ ಸಮಗ್ರ ಮಾರ್ಗದರ್ಶಿ

ಚಿಕ್ಕಂದಿನಲ್ಲಿ ಜೀರ್ಜಿಂಬೆಯನ್ನು ಬೆಂಕಿಪೊಟ್ಟಣದಲ್ಲಿಟ್ಟು ಸಾಕಿದವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ಹುಳು ಸತ್ತು, ಒಳಗಿನದನ್ನೆಲ್ಲ ಇರುವೆಗಳು ಹೊತ್ತೊಯ್ದ ಮೇಲೂ ಹಸಿರು ರೆಕ್ಕೆಗಳೆರಡು ಮಿನುಗುತ್ತ ಪೊಟ್ಟಣದ ತಳದಲ್ಲಿ ಉಳಿದಿರುತ್ತವೆ. ಕೋಟಿಗಟ್ಟಲೆ ವರ್ಷಗಳ ಲೆಕ್ಕದಲ್ಲೂ ನಡೆಯುವುದು ಇದೇ. ಜೀರುಂಡೆಯ ಮುಂದಿನ ಜೋಡಿ ರೆಕ್ಕೆ ಗಡುಸಾಗಿ ಕವಚವಾಗಿರುವುದರಿಂದ ಕೆಸರಿನಲ್ಲಿ ಹೂತರೂ ಬೇಗ ಕೊಳೆಯುವುದಿಲ್ಲ. ಕಾಲು, ಕುಡಿಮೀಸೆ, ಬಾಯಿಯ ಭಾಗಗಳೇ ಮೊದಲು ಕಳಚಿ ಹೋಗುವುದು. ಕುಲ, ಕುಟುಂಬಗಳನ್ನು ಗುರುತಿಸಲು ಬೇಕಾಗುವುದು ಮಾತ್ರ ಹೆಚ್ಚಾಗಿ ಹೀಗೆ ಕಳಚಿಹೋಗುವ ಭಾಗಗಳೇ. ಈ ಕೆಲಸದ ಕಷ್ಟವೆಲ್ಲ ಅಲ್ಲಿದೆ.

ಹಂತಗಳನ್ನು ವಿವರಿಸಲು ಒಂದು ನಿಜವಾದ ಪ್ರಕರಣವನ್ನು ಜೊತೆಗಿಟ್ಟುಕೊಳ್ಳುತ್ತೇನೆ. ಅಮೆರಿಕದ ವರ್ಜೀನಿಯಾ ಮತ್ತು ನಾರ್ತ್ ಕ್ಯಾರೊಲಿನಾ ರಾಜ್ಯಗಳ ಗಡಿಯಲ್ಲಿ ಸೊಲೈಟ್ ಎಂಬ ಕಲ್ಲುಗಣಿ ಇದೆ. ಅಲ್ಲಿನ ಟ್ರಯಾಸಿಕ್ ಕಾಲದ ಸರೋವರದ ಕಪ್ಪು ಪದರಗಲ್ಲಿನಲ್ಲಿ ಸಿಕ್ಕ, ಕೆಲವೇ ಮಿಲಿಮೀಟರ್ ಉದ್ದದ ಜೀರುಂಡೆಗಳಿಗೆ 2012ರಲ್ಲಿ ಸ್ಟೈಲಿಯಾನೋಸ್ ಚಾಟ್ಜಿಮನೋಲಿಸ್, ಡೇವಿಡ್ ಗ್ರಿಮಾಲ್ಡಿ, ಮೈಕೆಲ್ ಎಂಗೆಲ್ ಮತ್ತು ನಿಕೊಲಸ್ ಫ್ರೇಸರ್ ಹೊಸ ಕುಲದ ಹೆಸರು ಕೊಟ್ಟರು: ಲೀಹರ್ಮೇನಿಯಾ. ಪ್ರಭೇದ, ಲೀಹರ್ಮೇನಿಯಾ ಪ್ರೊರೋವ. ಎಂಟು ವರ್ಷಗಳಲ್ಲಿ ಅದರ ಕುಟುಂಬವಷ್ಟೇ ಅಲ್ಲ, ಉಪಗಣವೇ ಬದಲಾಯಿತು. ವರ್ಗೀಕರಣ ಎಲ್ಲಿ ಜಾರುತ್ತದೆ, ಹೇಗೆ ಸರಿಹೋಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಕಂಡಿಲ್ಲ.

ಒಂದು ಮಾತು ಪದಗಳ ಬಗ್ಗೆ. ನಮ್ಮ ಪಠ್ಯಪುಸ್ತಕಗಳು ಪ್ರಭೇದದ ಮೇಲಿನ ಮಟ್ಟವನ್ನು ಕೆಲವೆಡೆ ‘ಜಾತಿ’ ಎಂದೂ ಕೆಲವೆಡೆ ‘ಕುಲ’ ಎಂದೂ ಬರೆಯುತ್ತವೆ. ಇಲ್ಲಿ ‘ಕುಲ’ ಎಂದೇ ಬಳಸಿದ್ದೇನೆ. ಅದರ ಮೇಲೆ ಕುಟುಂಬ, ಉಪಗಣ, ಗಣ. ಗಡುಸು ಮುಂರೆಕ್ಕೆಗೆ ‘ಕವಚರೆಕ್ಕೆ’ ಎನ್ನುತ್ತೇನೆ. ಇಲ್ಲಿ ಬರುವ ಭೂಕಾಲಗಳು ಹಳೆಯದರಿಂದ ಈಚೆಗೆ: ಪರ್ಮಿಯನ್, ಟ್ರಯಾಸಿಕ್, ಜುರಾಸಿಕ್, ಕ್ರಿಟೇಶಿಯಸ್.

ಹಂತ 1: ಹುಳುವಿಗಿಂತ ಮೊದಲು ಕಲ್ಲನ್ನು ಓದಿ

ಮಾದರಿ ಎಲ್ಲಿಂದ, ಯಾವ ಪದರದಿಂದ, ಯಾರ ಅನುಮತಿಯಿಂದ ಬಂತು ಎಂಬ ಚೀಟಿ ಇಲ್ಲದಿದ್ದರೆ ಸೂಕ್ಷ್ಮದರ್ಶಕವನ್ನು ಮುಟ್ಟಲೇಬೇಡಿ. ಪದರದ ವಯಸ್ಸು ತಿಳಿಯದ ಪಳೆಯುಳಿಕೆ ಒಡವೆಯಷ್ಟೇ, ಸಾಕ್ಷ್ಯವಾಗದು. ಸಂರಕ್ಷಣೆಯ ಬಗೆಯನ್ನೂ ಇಲ್ಲೇ ಬರೆದಿಟ್ಟುಕೊಳ್ಳಿ. ಪದರಗಲ್ಲಿನಲ್ಲಿ ಹುಳು ಚಪ್ಪಟೆಯಾಗಿರುತ್ತದೆ. ಬೆನ್ನಿನ ಗೆರೆಗಳೂ ಹೊಟ್ಟೆಯ ಗೆರೆಗಳೂ ಒಂದರ ಮೇಲೊಂದು ಒತ್ತಿಕೊಂಡು ಒಂದೇ ಚಿತ್ರದಂತೆ ಕಾಣುತ್ತವೆ. ಅಂಬರ್‌ನಲ್ಲಿ, ಅಂದರೆ ಗಟ್ಟಿಯಾದ ಮರದ ರಾಳದಲ್ಲಿ, ಹುಳು ಮೂರೂ ಆಯಾಮದಲ್ಲಿ ಉಳಿದಿರುತ್ತದೆ. ಆದರೆ ಗುಳ್ಳೆ, ಬಿರುಕು, ಬಿಳಿ ಮಸುಕು ಅಡ್ಡ ಬರುತ್ತವೆ.

ಮ್ಯಾನ್ಮಾರ್‌ನ ಅಂಬರ್ ಸುಮಾರು 9.9 ಕೋಟಿ ವರ್ಷ ಹಳೆಯದು. ಈಚಿನ ವರ್ಷಗಳಲ್ಲಿ ಅದರಿಂದ ವರ್ಣಿತವಾದ ಜೀರುಂಡೆ ಕುಲಗಳಿಗೆ ಲೆಕ್ಕವಿಲ್ಲ. ಆದರೆ ಆ ಗಣಿಗಳ ಸುತ್ತ ಸಶಸ್ತ್ರ ಸಂಘರ್ಷವಿದೆ. 2020ರಲ್ಲಿ ಬೆನ್ನೆಲುಬಿನ ಪ್ರಾಣಿಗಳ ಪಳೆಯುಳಿಕೆ ತಜ್ಞರ ಸಂಘವಾದ ಸೊಸೈಟಿ ಆಫ್ ವರ್ಟಿಬ್ರೇಟ್ ಪೇಲಿಯಂಟಾಲಜಿ ಈ ಅಂಬರ್‌ನ ಮೇಲಿನ ಪ್ರಬಂಧಗಳಿಗೆ ತಡೆ ಹಾಕುವಂತೆ ನಿಯತಕಾಲಿಕೆಗಳನ್ನು ಕೋರಿತು. ಕೊಳ್ಳುವ ಮೊದಲು ಯೋಚಿಸಿ. ನಮ್ಮ ನೆಲದಲ್ಲೇ ನೋಡುವುದಾದರೆ ಗುಜರಾತಿನ ವಸ್ತಾನ್, ತಡಕೇಶ್ವರ ಲಿಗ್ನೈಟ್ ಗಣಿಗಳ ಕ್ಯಾಂಬೆ ಅಂಬರ್ ಇದೆ. ಅಲ್ಲಿ ಸಿಕ್ಕ ಒಂದು ಕುಲದ ಬಗ್ಗೆ ಮುಂದೆ ಹೇಳುತ್ತೇನೆ.

ಹಂತ 2: ಅದು ಜೀರುಂಡೆಯೇ ಎಂದು ಖಾತ್ರಿ ಮಾಡಿಕೊಳ್ಳಿ

ಇದು ಹಾಸ್ಯಕ್ಕೆ ಹೇಳುವ ಮಾತಲ್ಲ. 1973ರಲ್ಲಿ ಚೀನಾದ ಗಾನ್ಸು ಪ್ರಾಂತ್ಯದ ಯೂಮೆನ್ ಪ್ರದೇಶದ ಕ್ರಿಟೇಶಿಯಸ್ ಕಲ್ಲಿನಿಂದ ಯೂಮೆನೊಕೋಲಿಯಸ್ ಎಂಬ ಕುಲವನ್ನು ಜೀರುಂಡೆ ಎಂದೇ ವರ್ಣಿಸಲಾಯಿತು. ಹೊಸ ಕುಟುಂಬವೂ ಹುಟ್ಟಿತು. ಈಗ ಅದನ್ನು ಇಡುವುದು ಜಿರಳೆಗಳ ಬಳಗದಲ್ಲಿ. ಕವಚದಂತೆ ಗಡುಸಾದ ಮುಂರೆಕ್ಕೆ ಜಿರಳೆಯಲ್ಲೂ ಪ್ರತ್ಯೇಕವಾಗಿ ರೂಪುಗೊಳ್ಳಬಲ್ಲದು ಎಂಬುದೇ ಅಲ್ಲಿನ ಪಾಠ. ಇಲಿನಾಯ್‌ನ ಮೇಝನ್ ಕ್ರೀಕ್‌ನ ಅಡಿಫ್ಲೆಬಿಯಾವನ್ನು 2009ರಲ್ಲಿ ಜಗತ್ತಿನ ಅತ್ಯಂತ ಹಳೆಯ ಜೀರುಂಡೆ ಎಂದು ಮಂಡಿಸಲಾಯಿತು. 2012ರಲ್ಲಿ ಯರ್ಮಿಲಾ ಕುಕಲೋವಾ-ಪೆಕ್ ಮತ್ತು ರೋಲ್ಫ್ ಬಾಯ್ಟೆಲ್ ಅದೇ ಮಾದರಿಯನ್ನು ಮತ್ತೆ ನೋಡಿ, ಜೀರುಂಡೆಯೇ ಅಲ್ಲ ಎಂದರು.

ಆದ್ದರಿಂದ ಪರೀಕ್ಷಿಸಿ: ಎರಡು ಕವಚರೆಕ್ಕೆಗಳು ಬೆನ್ನ ನಡುವೆ ಒಂದರ ಮೇಲೊಂದು ಹಾಯದೆ ನೇರ ಗೆರೆಯಲ್ಲಿ ಕೂಡುತ್ತವೆಯೇ? ತಿಗಣೆ ಬಳಗದಲ್ಲಿ ಮುಂರೆಕ್ಕೆಯ ತುದಿಗಳು ಸಾಮಾನ್ಯವಾಗಿ ಒಂದರ ಮೇಲೊಂದು ಹಾಯುತ್ತವೆ. ಅವುಗಳ ಬಾಯಿ ಚುಚ್ಚುವ ಕೊಳವೆ. ಜೀರುಂಡೆಯದು ಕಚ್ಚುವ ದವಡೆ. ಹೊಟ್ಟೆಯ ತುದಿಯಲ್ಲಿ ಚಿಮುಟದಂತಹ ಜೋಡಿ ಕಂಡರೆ ಅದು ಚಿಮುಟಬಾಲದ ಹುಳುವಿನ ಬಳಗ, ರೆಕ್ಕೆ ಎಷ್ಟೇ ಗಿಡ್ಡವಿರಲಿ. ಪರ್ಮಿಯನ್ ಕಾಲದ ಆದಿಮ ಜೀರುಂಡೆಗಳಲ್ಲಿ ಮಾತ್ರ ಲೆಕ್ಕ ಸ್ವಲ್ಪ ಬೇರೆ. ಉರಲ್ ಪ್ರದೇಶದ ಚೆಕಾರ್ದಾದಿಂದ ಹೆಸರು ಪಡೆದ ಚೆಕಾರ್ಡೊಕೋಲಿಯಿಡೇ ಕುಟುಂಬದಲ್ಲಿ ಕವಚರೆಕ್ಕೆ ಹೊಟ್ಟೆಯನ್ನು ಮೀರಿ ಹಿಂದಕ್ಕೆ ಚಾಚಿರುತ್ತದೆ, ನರಗಳೂ ಸ್ಪಷ್ಟ. ಇಂದಿನ ಜೀರುಂಡೆಯ ಬಿಗಿಯಾದ ಮುಚ್ಚಳ ಆಗಿನ್ನೂ ರೂಪುಗೊಂಡಿರಲಿಲ್ಲ.

ಹಂತ 3: ಬೆಳಕು, ಆಲ್ಕೊಹಾಲ್, ಪೆನ್ಸಿಲ್

ಪದರಗಲ್ಲಿನ ಮಾದರಿಯನ್ನು ಮೊದಲು ಒಣಗಿದಂತೆಯೇ ಓರೆ ಬೆಳಕಿನಲ್ಲಿ ನೋಡಿ. ಬೆಳಕಿನ ದಿಕ್ಕನ್ನು ಸುತ್ತ ತಿರುಗಿಸಿ. ಒಂದು ಕಡೆಯಿಂದ ಕಂಡ ಗೆರೆ ಇನ್ನೊಂದು ಕಡೆಯಿಂದ ಮಾಯವಾದರೆ ಅದು ಕಲ್ಲಿನ ಬಿರುಕಿರಬಹುದು. ಆಮೇಲೆ ಒಂದು ಹನಿ ಆಲ್ಕೊಹಾಲ್ ಹಾಕಿ ನೋಡಿ. ಬಣ್ಣದ ವ್ಯತ್ಯಾಸ ಎದ್ದು ಬರುತ್ತದೆ. ಕಲ್ಲು ಎರಡಾಗಿ ಸೀಳಿದ್ದರೆ ಎರಡೂ ತುಂಡುಗಳು ಬೇಕು, ಒಂದರಲ್ಲಿ ಇಲ್ಲದ ಕಾಲು ಇನ್ನೊಂದರಲ್ಲಿ ಅಂಟಿಕೊಂಡಿರುತ್ತದೆ. ಸೊಲೈಟ್‌ನ ಹುಳುಗಳು ಕಪ್ಪು ಕಲ್ಲಿನ ಮೇಲೆ ಬೆಳ್ಳಿಬಣ್ಣದ ತೆಳುಪೊರೆಯಾಗಿ ಉಳಿದಿವೆ. ಅಂತಹುದರಲ್ಲಿ ಬೆಳಕಿನ ಕೋನವೇ ಅರ್ಧ ಕೆಲಸ.

ಚಿತ್ರ ಬರೆಯುವುದನ್ನು ಕ್ಯಾಮೆರಾ ತಪ್ಪಿಸಿಲ್ಲ. ಖಚಿತವಾಗಿ ಕಂಡ ಗೆರೆಗೆ ಪೂರ್ಣ ಗೆರೆ, ಊಹೆಗೆ ಚುಕ್ಕೆ ಗೆರೆ. ಹೀಗೆ ಬರೆಯತೊಡಗಿದಾಗಲೇ ‘ನಾನು ಇದನ್ನು ನಿಜವಾಗಿ ನೋಡಿದೆನೋ, ಇರಬೇಕೆಂದುಕೊಂಡೆನೋ’ ಎಂಬ ಪ್ರಶ್ನೆ ಕೈಗೆ ತಾಗುತ್ತದೆ.

ಹಣ, ಯಂತ್ರಗಳ ಬೆಂಬಲ ಇರುವವರಿಗೆ ಎಕ್ಸ್-ರೇ ಮಾರ್ಗವಿದೆ. ಪೋಲೆಂಡಿನ ಕ್ರಾಶೆಯೂವ್‌ನಲ್ಲಿ ಸಿಕ್ಕ, ಸುಮಾರು 23 ಕೋಟಿ ವರ್ಷ ಹಳೆಯ ಕಲ್ಲಾದ ಹಿಕ್ಕೆಯ ತುಂಡನ್ನು ಮಾರ್ಟಿನ್ ಕ್ವಾರ್ನ್‌ಸ್ಟ್ರೋಮ್ ಮತ್ತು ಸಂಗಡಿಗರು ಫ್ರಾನ್ಸ್‌ನ ಗ್ರೆನೋಬಲ್‌ನ ಅತಿ ಪ್ರಖರ ಎಕ್ಸ್-ರೇ ಹೊಮ್ಮಿಸುವ ಬೃಹತ್ ಯಂತ್ರವಾದ ಸಿಂಕ್ರೊಟ್ರಾನ್‌ನಲ್ಲಿ ಸ್ಕ್ಯಾನ್ ಮಾಡಿದರು. ಒಳಗೆ ಪುಟ್ಟ ಜೀರುಂಡೆಗಳ ರಾಶಿ. ಕೆಲವಕ್ಕೆ ಕಾಲು, ಕುಡಿಮೀಸೆಗಳೂ ಇದ್ದವು. ಹಿಕ್ಕೆ ಹಾಕಿದ್ದು ಸೈಲೆಸಾರಸ್ ಎಂಬ, ಡೈನೊಸಾರ್‌ಗಳ ಹತ್ತಿರದ ನೆಂಟನಿರಬೇಕು ಎಂಬುದು ಅವರ ಊಹೆ. 2021ರಲ್ಲಿ ಆ ಜೀರುಂಡೆ ಟ್ರಯಾಮಿಕ್ಸಾ ಕೋಪ್ರೊಲಿಥಿಕಾ ಎಂಬ ಹೆಸರು ಪಡೆಯಿತು. ಪದರಗಲ್ಲು ಕೊಡದ ಮೂರನೆಯ ಆಯಾಮವನ್ನು ಹಿಕ್ಕೆ ಕೊಟ್ಟಿತು. ಒಂದು ಪ್ರಾಣಿಯ ಹೊಟ್ಟೆಯಿಂದ ಹಾದುಬಂದ ಹುಳು ಸರೋವರದ ತಳಕ್ಕೆ ಮೆತ್ತಗೆ ಇಳಿದ ಹುಳುವಿಗಿಂತ ಚೆನ್ನಾಗಿ ಉಳಿದಿದೆ ಎಂಬುದನ್ನು ನೆನೆದಾಗಲೆಲ್ಲ ನನಗೆ ನಗು ಬರುತ್ತದೆ.

ಹಂತ 4: ಬರೀ ರೆಕ್ಕೆಯಿದ್ದರೆ ಆಸೆ ಕಡಿಮೆ ಮಾಡಿ

ಒಂಟಿ ಕವಚರೆಕ್ಕೆಯಿಂದ ಕುಟುಂಬ ಹೇಳುವುದು ಅಪರೂಪಕ್ಕೆ ಸಾಧ್ಯ. ಆಸ್ಟ್ರೇಲಿಯಾದ ಬೆಲ್ಮಾಂಟ್‌ನ ಪರ್ಮಿಯನ್ ರೆಕ್ಕೆಗಳನ್ನು ಆಧರಿಸಿ ರಾಬಿನ್ ಟಿಲ್ಯಾರ್ಡ್ 1924ರಲ್ಲಿ ಕಟ್ಟಿದ ಪರ್ಮೊಸಿನಿಡೇ ಕುಟುಂಬ ಈಗ ಮನೆ ಗೊತ್ತಾಗದ ಗೀರುರೆಕ್ಕೆಗಳ ಉಗ್ರಾಣದಂತಾಗಿದೆ. ಅಂತಹ ಮಾದರಿಗೆ ಹೆಸರು ಕೊಡಬಾರದೆಂದಿಲ್ಲ. ಆದರೆ ಅದು ಆಕಾರಕ್ಕೆ ಕೊಟ್ಟ ಹೆಸರು, ವಂಶಕ್ಕೆ ಕೊಟ್ಟದ್ದಲ್ಲ ಎಂದು ಪ್ರಬಂಧದಲ್ಲಿ ಬಿಚ್ಚಿ ಬರೆಯಿರಿ.

ಹಂತ 5: ಕುಟುಂಬಕ್ಕೆ ಮೊದಲು ಉಪಗಣ, ಬೆನ್ನಿಗೆ ಮೊದಲು ಹೊಟ್ಟೆ

ಇಲ್ಲಿ ನಿಧಾನಿಸಿ. ಹೊಸಬರು ಎಡವುವುದು ಇಲ್ಲೇ. ಮಾದರಿ ಕೈಗೆ ಬಂದೊಡನೆ ‘ಇದು ಇಂಥ ಹುಳುವಿನಂತಿದೆ’ ಎಂದು ಮನಸ್ಸು ನೇರ ಕುಟುಂಬಕ್ಕೆ ಹಾರುತ್ತದೆ. ಅದನ್ನು ಹಿಡಿದು ನಿಲ್ಲಿಸಿ, ಮೊದಲು ಬದುಕಿರುವ ನಾಲ್ಕು ಉಪಗಣಗಳಲ್ಲಿ ಯಾವುದು ಎಂದು ಕೇಳಿ. ಉತ್ತರ ಹೆಚ್ಚಾಗಿ ಅಡಿಭಾಗದಲ್ಲಿರುತ್ತದೆ.

ಆರ್ಕೊಸ್ಟೆಮಾಟಾ: ಇಂದು ಬೆರಳೆಣಿಕೆಯಷ್ಟು ಪ್ರಭೇದಗಳು, ಹಳೆಯ ಕಲ್ಲುಗಳಲ್ಲಿ ಮಾತ್ರ ಯಥೇಚ್ಛ. ಕವಚರೆಕ್ಕೆಯ ಮೇಲೆ ಸಾಲುಸಾಲಾಗಿ ಕಿಟಕಿಯಂತಹ ಚೌಕ ಕೋಶಗಳು ಕಂಡರೆ ಇದನ್ನು ಮೊದಲು ಶಂಕಿಸಿ. ಆದರೆ ಆ ಕಿಟಕಿಗಳು ಪುರಾತನ ಜೀರುಂಡೆಗಳಿಂದ ಬಂದ ಆಸ್ತಿ. ಅವಿದ್ದ ಮಾತ್ರಕ್ಕೆ ಹತ್ತಿರದ ನೆಂಟಸ್ತಿಕೆ ಸಾಬೀತಾಗದು.

ಅಡೆಫಗಾ: ನೆಲದಲ್ಲಿ ಓಡಿ ಬೇಟೆಯಾಡುವ ಜೀರುಂಡೆಗಳು, ನೀರಿನಲ್ಲಿ ಮುಳುಗುವ ಜೀರುಂಡೆಗಳು ಇಲ್ಲಿ ಬರುತ್ತವೆ. ಹಿಂಗಾಲಿನ ಬುಡದ ತುಂಡು ಎದೆಯ ತಟ್ಟೆಗೆ ಅಲ್ಲಾಡದಂತೆ ಬೆಸೆದುಕೊಂಡು, ಹಿಂದಕ್ಕೆ ಚಾಚಿ, ಹೊಟ್ಟೆಯ ಮೊದಲ ತಟ್ಟೆಯನ್ನು ನಡುವೆ ತುಂಡರಿಸುತ್ತದೆ. ಚಪ್ಪಟೆ ಪಳೆಯುಳಿಕೆಯಲ್ಲೂ ಇದು ಕಾಣುವುದುಂಟು. ಕಂಡರೆ ಅದೃಷ್ಟ.

ಪಾಲಿಫಗಾ: ಸುಮಾರು ನಾಲ್ಕು ಲಕ್ಷ ಜೀರುಂಡೆ ಪ್ರಭೇದಗಳಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಇದೇ. ಮಿಂಚುಹುಳು, ಸಗಣಿಹುಳು, ಅಕ್ಕಿಯ ಮೂತಿಹುಳು, ಬೆಂಕಿಪೊಟ್ಟಣದ ಜೀರ್ಜಿಂಬೆ ಎಲ್ಲವೂ ಇಲ್ಲಿನವೇ. ಮುಂದಿನ ಎದೆಯ ಪಕ್ಕದ ತಟ್ಟೆ ಒಳಗೆ ಅಡಗಿರುವುದರಿಂದ ಅಲ್ಲಿ ಹೊರಗೆ ಕಾಣಬೇಕಾದ ಹೊಲಿಗೆಗೆರೆ ಕಾಣುವುದಿಲ್ಲ. ಉಳಿದ ಮೂರರಲ್ಲಿ ಆ ಗೆರೆ ಉಂಟು. ಈ ಒಂದು ಗೆರೆಗಾಗಿ ವಾರಗಟ್ಟಲೆ ಕಣ್ಣು ನೋಯಿಸಿಕೊಳ್ಳುವುದು ವ್ಯರ್ಥವಲ್ಲ.

ಮಿಕ್ಸೊಫಗಾ: ಒದ್ದೆ ಬಂಡೆ, ತೊರೆಯಂಚುಗಳಲ್ಲಿ ಪಾಚಿ ತಿಂದು ಬದುಕುವ ಕಿರುಹುಳುಗಳು. ಪ್ರಭೇದಗಳು ಸುಮಾರು ನೂರು. ಪುಟ್ಟದಾದ್ದರಿಂದ, ಕಡಿಮೆಯಾದ್ದರಿಂದ, ಯಾರ ಮನಸ್ಸಿಗೂ ಮೊದಲು ಬಾರದ ಗುಂಪು.

ಹಂತ 6: ಕಣ್ಣು ಸೆಳೆಯುವ ಲಕ್ಷಣವನ್ನು ಕೊನೆಗೆ ಕೇಳಿ

ಲೀಹರ್ಮೇನಿಯಾದಲ್ಲಿ ಕಣ್ಣು ಸೆಳೆದದ್ದು ಗಿಡ್ಡ ಕವಚರೆಕ್ಕೆ. ಹೊಟ್ಟೆಯ ಹಲವು ಖಂಡಗಳು ಹೊರಗೆ ತೆರೆದಿದ್ದವು. ಇಂದಿನ ಲೋಕದಲ್ಲಿ ಗಿಡ್ಡರೆಕ್ಕೆ ಎಂದರೆ ಯಾರೂ ಹೇಳುವ ಹೆಸರು ಸ್ಟ್ಯಾಫಿಲಿನಿಡೇ. 60,000ಕ್ಕೂ ಹೆಚ್ಚು ಪ್ರಭೇದಗಳ ದೈತ್ಯ ಕುಟುಂಬ. ಮಳೆಗಾಲದ ರಾತ್ರಿ ದೀಪಕ್ಕೆ ಬಂದು, ಕತ್ತಿನ ಮೇಲೆ ಒರೆಸಿಕೊಂಡರೆ ಸುಟ್ಟಂತೆ ಬೊಕ್ಕೆ ಏಳಿಸುವ ಕೆಂಪು-ಕಪ್ಪು ಹುಳು ಇದೇ ಕುಟುಂಬದ್ದು. 2012ರ ಪ್ರಬಂಧ ಲೀಹರ್ಮೇನಿಯಾವನ್ನು ಅಲ್ಲಿಯೇ ಇರಿಸಿತು. ಹಾಗಾದರೆ ಆ ಕುಟುಂಬದ ಚರಿತ್ರೆ ಟ್ರಯಾಸಿಕ್‌ಗೆ ಹೋಗುತ್ತದೆ. ಸಂದೇಹವಿಲ್ಲದ ಸ್ಟ್ಯಾಫಿಲಿನಿಡೇ ಪಳೆಯುಳಿಕೆಗಳಾದರೋ ಮಧ್ಯ ಜುರಾಸಿಕ್‌ನಿಂದ ಈಚೆಗಿನವು. ನಡುವೆ ಕೋಟಿಗಟ್ಟಲೆ ವರ್ಷಗಳ ಖಾಲಿ.

ಅಷ್ಟು ದೊಡ್ಡ ಖಾಲಿ ಕಂಡಾಗ ಎರಡು ಸಾಧ್ಯತೆ: ನಡುವಿನ ಹುಳುಗಳು ಇನ್ನೂ ಸಿಕ್ಕಿಲ್ಲ, ಅಥವಾ ಮೊದಲನೆಯದು ಆ ಮನೆಯದಲ್ಲ. ಗಿಡ್ಡರೆಕ್ಕೆ ಜೀರುಂಡೆಗಳಲ್ಲಿ ಹಲವು ಬಾರಿ, ಬೇರೆಬೇರೆ ವಂಶಗಳಲ್ಲಿ ಹುಟ್ಟಿದೆ. ಮಿಕ್ಸೊಫಗಾದ ಹೈಡ್ರೊಸ್ಕಫಿಡೇ ಎಂಬ ಚಿಕ್ಕ ಕುಟುಂಬದಲ್ಲೂ ರೆಕ್ಕೆ ಗಿಡ್ಡ, ಹೊಟ್ಟೆ ಹೊರಗೆ, ಮೈ ಎರಡು ಮಿಲಿಮೀಟರಿನ ಆಸುಪಾಸು.

ಆದ್ದರಿಂದ ಈ ಹಂತದಲ್ಲಿ ಮಾಡಬೇಕಾದದ್ದು: ಎದ್ದು ಕಾಣುವ ಆ ಒಂದು ಲಕ್ಷಣವನ್ನು ಕೈಯಿಂದ ಮುಚ್ಚಿ. ಉಳಿದದ್ದರಿಂದ ಮಾತ್ರ ಕುಟುಂಬಗಳ ಪಟ್ಟಿ ಮಾಡಿ. ಕುಡಿಮೀಸೆಗೆ ಎಷ್ಟು ಗಿಣ್ಣು, ತುದಿಯ ದಪ್ಪ ಭಾಗ, ಅಂದರೆ ಗದೆ, ಒಂದೇ ಗಿಣ್ಣಿನದೋ ಹಲವು ಗಿಣ್ಣಿನದೋ? ಹಿಂಗಾಲಿನ ಬುಡಗಳು ಅಂಟಿಕೊಂಡಿವೆಯೋ, ದೂರ ಇವೆಯೋ? ಹೊಟ್ಟೆಯ ಅಡಿಯಲ್ಲಿ ಎಷ್ಟು ತಟ್ಟೆ? ಪಾದದ ಗಿಣ್ಣುಗಳು ಮೂರು ಜೋಡಿ ಕಾಲಿನಲ್ಲೂ ಐದೈದೋ, ಹಿಂಗಾಲಿನಲ್ಲಿ ನಾಲ್ಕೋ? ಪಟ್ಟಿ ಸಿದ್ಧವಾದ ಮೇಲೆ ಕೈ ತೆಗೆಯಿರಿ. ಮುಚ್ಚಿಟ್ಟ ಲಕ್ಷಣ ಪಟ್ಟಿಗೆ ಹೊಂದಿದರೆ ಒಳ್ಳೆಯದು. ಹೊಂದದಿದ್ದರೆ ನಿಮ್ಮ ಕೆಲಸ ಈಗ ಶುರು.

ಇದಕ್ಕೆ ಬದುಕಿರುವ ಹುಳುಗಳ ಸಂಗ್ರಹ ಬೇಕೇ ಬೇಕು. ಬೆಂಗಳೂರಿನ ಜಿಕೆವಿಕೆಯಲ್ಲಿರುವ ಕೃಷಿ ವಿಶ್ವವಿದ್ಯಾಲಯದ ಕೀಟ ಸಂಗ್ರಹದಂತಹ ಕಡೆ ಮುಂಚೆಯೇ ಪತ್ರ ಬರೆದು, ಅನುಮತಿ ಪಡೆದು, ಅಡಿಭಾಗ ಕಾಣುವಂತೆ ಅಂಟಿಸಿದ ಮಾದರಿಗಳನ್ನು ಕೇಳಿ. ಪುಸ್ತಕದ ಚಿತ್ರದಲ್ಲಿ ಹುಳು ಯಾವಾಗಲೂ ಬೆನ್ನು ತೋರಿಸಿಕೊಂಡೇ ಕುಳಿತಿರುತ್ತದೆ.

ಹಂತ 7: ಲಕ್ಷಣ ಕೋಷ್ಟಕ

ಅಡ್ಡಸಾಲಿನಲ್ಲಿ ಕುಲಗಳು, ಉದ್ದಸಾಲಿನಲ್ಲಿ ಲಕ್ಷಣಗಳು, ಮನೆಗಳಲ್ಲಿ ಆ ಲಕ್ಷಣದ ಸ್ಥಿತಿ ಸೂಚಿಸುವ 0, 1, 2. ಶೂನ್ಯದಿಂದ ಕಟ್ಟಬೇಕಾಗಿಲ್ಲ. ಜಾನ್ ಲಾರೆನ್ಸ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಕೋಷ್ಟಕದಲ್ಲಿ ಇಡೀ ಗಣದಿಂದ ಆಯ್ದ 359 ಜೀರುಂಡೆಗಳೂ, ಪ್ರೌಢ ಮತ್ತು ಮರಿಹುಳುಗಳ 516 ಲಕ್ಷಣಗಳೂ ಇವೆ. ನಿಮ್ಮ ಮಾದರಿಯನ್ನು ಅಂತಹುದಕ್ಕೆ ಒಂದು ಸಾಲಾಗಿ ಸೇರಿಸಿ.

ಎರಡು ಎಚ್ಚರಿಕೆ. ಮೊದಲನೆಯದು, ಕಾಣದ್ದಕ್ಕೆ ‘ಇಲ್ಲ’ ಎಂದು ಬರೆಯಬೇಡಿ. ಪ್ರಶ್ನಾರ್ಥಕ ಚಿಹ್ನೆ ಹಾಕಿ. ರೆಕ್ಕೆಯಂಚಿನ ಕೂದಲು ಕಲ್ಲಿನಲ್ಲಿ ಕಾಣದಿದ್ದರೆ ಹುಳುವಿಗೆ ಕೂದಲಿರಲಿಲ್ಲ ಎಂದಾಗುವುದಿಲ್ಲ. ಮರಿಹುಳುವಿನ ಲಕ್ಷಣಗಳ ಇಡೀ ಭಾಗ ಪ್ರಶ್ನೆಗಳಿಂದಲೇ ತುಂಬಿದರೂ ನಾಚಿಕೆ ಬೇಡ. ಎರಡನೆಯದು, ನೀವು ಶಂಕಿಸಿದ ಕುಟುಂಬದ ಸದಸ್ಯರನ್ನು ಮಾತ್ರ ಕೋಷ್ಟಕದಲ್ಲಿಟ್ಟರೆ ಉತ್ತರ ಆ ಕುಟುಂಬದೊಳಗೇ ಬರುತ್ತದೆ. ಬೇರೆ ಬಾಗಿಲನ್ನೇ ನೀವು ಇಟ್ಟಿಲ್ಲ. ಸ್ಟ್ಯಾಫಿಲಿನಿಡೇ ಮಾತ್ರ ಇರುವ ಕೋಷ್ಟಕಕ್ಕೆ ಸಗಣಿಹುಳುವನ್ನು ಸೇರಿಸಿದರೂ ಅದು ಎಲ್ಲೋ ಒಂದು ಕೊಂಬೆಯ ಮೇಲೆ ಕೂರಲೇಬೇಕು!

ಹಂತ 8: ವಂಶವೃಕ್ಷ

ವಿಲ್ಲಿ ಹೆನ್ನಿಗ್ ಸೊಸೈಟಿಯ ಬೆಂಬಲದಿಂದ ಉಚಿತವಾಗಿ ಸಿಗುವ ಟಿಎನ್‌ಟಿ ತಂತ್ರಾಂಶದಲ್ಲಿ ಅತಿ ಕಡಿಮೆ ಬದಲಾವಣೆಗಳ ವೃಕ್ಷವನ್ನು ಹುಡುಕಿ. ಇನ್ನೊಂದು ತಂತ್ರಾಂಶವಾದ ಮಿಸ್ಟರ್‌ಬೇಯ್ಸ್‌ನಲ್ಲಿ ಸಂಭಾವ್ಯತೆಯ ಲೆಕ್ಕವನ್ನೂ ಮಾಡಿ. ಎರಡೂ ಒಂದೇ ಜಾಗ ತೋರಿಸಿದರೆ ಸಮಾಧಾನ. ರೂಪಲಕ್ಷಣಗಳ ವೃಕ್ಷ ಬದುಕಿರುವ ಗುಂಪುಗಳನ್ನೇ ತಪ್ಪಾಗಿ ಜೋಡಿಸುವುದುಂಟು. ಅದಕ್ಕೆ ಡಿಎನ್‌ಎ ಆಧಾರದ ವೃಕ್ಷವನ್ನು ಬೆನ್ನೆಲುಬಾಗಿ ಕಟ್ಟಿಟ್ಟು, ಪಳೆಯುಳಿಕೆಯನ್ನು ಮಾತ್ರ ಎಲ್ಲಿ ಬೇಕಾದರೂ ಕೂರಲು ಬಿಡುವ ಕ್ರಮವಿದೆ.

ಮಾರ್ಟಿನ್ ಫಿಕಾಚೆಕ್ ಮತ್ತು ಸಂಗಡಿಗರು ಲೀಹರ್ಮೇನಿಯಾವನ್ನು ಹೀಗೆ ಇಡೀ ಗಣದ ನಡುವೆ ಬಿಟ್ಟು ನೋಡಿ, 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಅದು ಹೋಗಿ ಕುಳಿತದ್ದು ಮಿಕ್ಸೊಫಗಾದಲ್ಲಿ, ಹೈಡ್ರೊಸ್ಕಫಿಡೇ ಪಕ್ಕದಲ್ಲಿ. ಚಿಕ್ಕ ಮೈ, ಕುಡಿಮೀಸೆಯ ಆಕಾರ, ದೂರ ದೂರವಿರುವ ಹಿಂಗಾಲಿನ ಬುಡಗಳು ಆ ಕಡೆಗೆ ವಾಲಿದವು. ಲೇಖಕರಲ್ಲಿ ಆಲ್ಫ್ರೆಡ್ ನ್ಯೂಟನ್, ಮಾರ್ಗರೆಟ್ ಥೇಯರ್ ಅವರಂತಹ ಸ್ಟ್ಯಾಫಿಲಿನಿಡೇ ತಜ್ಞರೂ ಇದ್ದರು; ತಮ್ಮ ಕುಟುಂಬದ ಅತಿ ಹಿರಿಯ ಪೂರ್ವಜನನ್ನು ತಾವೇ ಬಿಟ್ಟುಕೊಟ್ಟಂತಾಯಿತು. ಇದು ಬರೀ ಹೆಸರುಪಟ್ಟಿಯ ತಿದ್ದುಪಡಿಯಲ್ಲ. ಡಿಎನ್‌ಎ ವೃಕ್ಷಗಳ ಕಾಲವನ್ನು ಪಳೆಯುಳಿಕೆಗಳಿಗೆ ಕಟ್ಟಿ ಲೆಕ್ಕ ಹಾಕುತ್ತಾರೆ. ತಪ್ಪು ಕೊಂಬೆಗೆ ಕಟ್ಟಿದ ಒಂದು ಹುಳು ಸುತ್ತಲಿನ ಕೊಂಬೆಗಳ ವಯಸ್ಸನ್ನೆಲ್ಲ ಹಿಂದಕ್ಕೆ ಎಳೆಯುತ್ತದೆ.

ಹಂತ 9: ಹೊಸ ಕುಲವೇ, ಹಳೆಯ ಕುಲದ ಹೊಸ ಪ್ರಭೇದವೇ?

ಇದಕ್ಕೆ ಅಳತೆಗೋಲಿಲ್ಲ, ತೀರ್ಮಾನ ನಿಮ್ಮದು. ಕಾಲದ ಅಂತರವೊಂದೇ ಕಾರಣವಾಗಬಾರದು; ರೂಪದಲ್ಲಿ ಕಾರಣ ತೋರಿಸಿ. ಒಳ್ಳೆಯ ಉದಾಹರಣೆ ಕ್ಯಾಂಬೆ ಅಂಬರ್‌ನದು. 2014ರಲ್ಲಿ ಜೋಸೆಫ್ ಪಾರ್ಕರ್ ಮತ್ತು ಗ್ರಿಮಾಲ್ಡಿ ವರ್ಣಿಸಿದ ಪ್ರೊಟೊಕ್ಲಾವಿಗರ್ ಸುಮಾರು 5.2 ಕೋಟಿ ವರ್ಷ ಹಿಂದಿನದು. ಅದರ ಇಂದಿನ ನೆಂಟರು ಇರುವೆಗೂಡಿನಲ್ಲಿ ಅತಿಥಿಗಳಾಗಿ ಬದುಕುವ ಕಿರುಜೀರುಂಡೆಗಳು. ಮೈಯ ಸ್ರಾವವನ್ನು ಇರುವೆಗೆ ಒದಗಿಸುವ ಕೂದಲುಗೊಂಚಲು ಅವಕ್ಕಿದೆ, ಹೊಟ್ಟೆಯ ಮೇಲಿನ ತಟ್ಟೆಗಳು ಬೆಸೆದು ಒಂದೇ ಗುರಾಣಿಯಾಗಿವೆ. ಪ್ರೊಟೊಕ್ಲಾವಿಗರ್‌ನಲ್ಲಿ ಗೊಂಚಲು ಆಗಲೇ ಇದೆ, ತಟ್ಟೆಗಳು ಮಾತ್ರ ಇನ್ನೂ ಬಿಡಿಬಿಡಿ. ಯಾವುದು ಮೊದಲು ಬಂತು, ಯಾವುದು ಆಮೇಲೆ ಎಂದು ಒಂದೇ ಹುಳು ಹೇಳುತ್ತದೆ. ಇಂತಹ ಮಿಶ್ರಣ ಕಂಡಾಗ ಹೊಸ ಕುಲ ಕಟ್ಟಲು ಹಿಂಜರಿಯಬೇಡಿ.

ಕುಟುಂಬ ಖಚಿತವಾಗದಿದ್ದರೆ ‘ಸ್ಥಾನ ಅನಿಶ್ಚಿತ’ ಎಂದು ಬರೆಯಲು ಅವಕಾಶವಿದೆ. ಲ್ಯಾಟಿನ್‌ನಲ್ಲಿ ಇನ್‌ಸರ್ಟೆ ಸೆಡಿಸ್. ಇದನ್ನು ಬಳಸಿದ್ದಕ್ಕೆ ಯಾರೂ ಹೀಗಳೆಯುವುದಿಲ್ಲ.

ಹಂತ 10: ಹೆಸರಿಡುವ ವಿಧಿ

ಪ್ರಾಣಿನಾಮಕರಣದ ಅಂತರರಾಷ್ಟ್ರೀಯ ಸಂಹಿತೆಯ ಕೆಲವು ನಿಯಮಗಳು ತಪ್ಪಿದರೆ ಹೆಸರಿಗೆ ಮಾನ್ಯತೆಯೇ ಇರದು. 1930ರ ನಂತರದ ಕುಲಕ್ಕೆ ಮಾದರಿ ಪ್ರಭೇದವನ್ನು, ಅಂದರೆ ಕುಲದ ಹೆಸರಿಗೆ ಆಧಾರವಾಗುವ ಪ್ರಭೇದವನ್ನು, ಗೊತ್ತುಪಡಿಸಿರಬೇಕು. ಇತರ ಕುಲಗಳಿಂದ ಬೇರ್ಪಡಿಸುವ ಲಕ್ಷಣಗಳನ್ನು ಮಾತಿನಲ್ಲಿ ಹೇಳಿರಬೇಕು, ಚಿತ್ರ ಮಾತ್ರ ಸಾಲದು. 1999ರ ನಂತರದ ಪ್ರಭೇದಕ್ಕೆ ಹೋಲೋಟೈಪ್, ಅಂದರೆ ಹೆಸರಿಗೆ ಆಧಾರವಾದ ಆ ಒಂದು ಮಾದರಿ, ಯಾವುದು, ಯಾವ ಸಂಗ್ರಹದಲ್ಲಿದೆ ಎಂದು ಬರೆಯಬೇಕು. ಮುದ್ರಣವಿಲ್ಲದೆ ಜಾಲದಲ್ಲಷ್ಟೇ ಪ್ರಕಟವಾಗುವ ಪ್ರಬಂಧಕ್ಕೆ ಪ್ರಾಣಿಹೆಸರುಗಳ ಅಧಿಕೃತ ದಾಖಲೆಯಾದ ಝೂಬ್ಯಾಂಕ್‌ನಲ್ಲಿ ನೋಂದಣಿ ಬೇಕು, ನೋಂದಣಿಯ ಪುರಾವೆ ಪ್ರಬಂಧದಲ್ಲೇ ಇರಬೇಕು. ಅದೇ ಹೆಸರು ಬೇರೆ ಪ್ರಾಣಿಗೆ ಈಗಾಗಲೇ ಇದೆಯೇ ಎಂದು ಹುಡುಕಿ. ಮೀನಿಗೆ ಇದ್ದರೂ ಜೀರುಂಡೆಗೆ ಸಲ್ಲದು. ಹೋಲೋಟೈಪನ್ನು ಸ್ವಂತ ಬೀರುವಿನಲ್ಲಿ ಇಡಬೇಡಿ. ಅಳಿದ ಕುಲದ ಹೆಸರಿನ ಮುಂದೆ ಕಠಾರಿ ಚಿಹ್ನೆ ಹಾಕುವುದು ರೂಢಿ, ಕಡ್ಡಾಯವಲ್ಲ.

ಹಂತ 11: ಪ್ರಕಟಿಸಿದ ಮೇಲೆ

ಕೋಷ್ಟಕದ ಕಡತ, ಸ್ಕ್ಯಾನ್‌ಗಳು, ದೊಡ್ಡ ಅಳತೆಯ ಫೋಟೊಗಳು ಎಲ್ಲವನ್ನೂ ಪ್ರಬಂಧದೊಂದಿಗೆ ಸಾರ್ವಜನಿಕವಾಗಿ ಇಡಿ. ನಿಮ್ಮ ತೀರ್ಮಾನವನ್ನು ಬೀಳಿಸಲು ಬರುವವರಿಗೆ ಅವು ಬೇಕಾಗುತ್ತವೆ.

ಕುಲ ಬೇರೆ ಕುಟುಂಬಕ್ಕೆ ಹೋದರೆ ಹೆಸರು ಬದಲಾಗುವುದಿಲ್ಲ. ಸ್ಥಾನ ತಪ್ಪಾಗಿದ್ದರೂ, ವಿಧಿಪ್ರಕಾರ ಇಟ್ಟ ಹೆಸರು ಊರ್ಜಿತ. ಲೀಹರ್ಮೇನಿಯಾ ಎಂಬ ಹೆಸರನ್ನು ಇಟ್ಟದ್ದು ನ್ಯೂಯಾರ್ಕಿನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಯಲ್ಲಿ ಸ್ಟ್ಯಾಫಿಲಿನಿಡೇ ಕುಟುಂಬದ ಅಧ್ಯಯನಕ್ಕೆ ಹೆಸರಾದ ಲೀ ಹರ್ಮನ್ ಅವರ ಗೌರವಾರ್ಥ. ಹುಳು ಪಾಚಿ ತಿನ್ನುವವರ ಬಳಗ ಸೇರಿದೆ. ಅವರ ಹೆಸರನ್ನೂ ಜೊತೆಗೇ ಕೊಂಡೊಯ್ದಿದೆ.